ಸಾಕು ಅಂದರೆ ಏಳು

ಯುದ್ಧಭೂಮಿಯಲ್ಲಿ ಸತ್ತುಬಿದ್ದಿದ್ದ ಕುದುರೆ, ರಾಜ ಅದರ ಕೊರಳು ತಬ್ಬಿಕೊಂಡು ಗೋಳಾಡುತ್ತಿದ್ದಾಗಲೇ ಎದ್ದು ನಿಂತು, ಮೈ ಕೊಡವಿ, ಅವನ ಕಿರೀಟವನ್ನು ಮೂಸಿ ನೋಡಿತು. ರಾಜ ಅಂಗಾತ ಬಿದ್ದ. ಸುತ್ತ ಹೆಣವಾಗಿ ಮಲಗಿದ್ದ ಸೈನಿಕರಲ್ಲಿ ಒಬ್ಬ ಕಿಸಕ್ಕನೆ ನಕ್ಕ. "ಹೆಣ ನಗುತ್ತೇನ್ರೀ?" ಎಂದು ನಿರ್ದೇಶಕರು ಚೀರಿದರು. ಹೆಣ ಏಳುತ್ತದೆಯೇ ಎಂದು ಮಾತ್ರ ಕೇಳಲಿಲ್ಲ, ಏಕೆಂದರೆ ಬೆಳಗಿನಿಂದ ಅದು ಏಳುತ್ತಲೇ ಇತ್ತು.

ದೊಡ್ಡ ಕೊಡೆಯ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದ ಡಾಕ್ಟರಮ್ಮ ನಗಲೂ ಇಲ್ಲ, ಚೀರಲೂ ಇಲ್ಲ. ಆಕೆ ಕುದುರೆಯ ಮೊಣಕಾಲು ನೋಡುತ್ತಿದ್ದಳು. ಆಕೆ ಪಶುವೈದ್ಯೆ. ಎಷ್ಟೋ ವರ್ಷ ಆಸ್ಪತ್ರೆಯಲ್ಲಿ ಹಸು, ಎಮ್ಮೆ, ನಾಯಿಗಳ ಜತೆ ಕಳೆದು, ಈಗ ಈ ಐತಿಹಾಸಿಕ ಧಾರಾವಾಹಿಗೆ ಬಂದಿದ್ದಳು. ಪ್ರಾಣಿ ಇರುವ ದಿನವೆಲ್ಲ ಎದುರಿಗೆ ಕೂತು ನೋಡುವುದು, ಸಂಜೆ "ಯಾವ ಹಿಂಸೆಯೂ ಆಗಿಲ್ಲ" ಎಂದು ಸಹಿ ಹಾಕುವುದು, ಇಷ್ಟೇ ಕೆಲಸ. ಕೂತು ತಿನ್ನುವ ಕೆಲಸ ಎಂದು ಅತ್ತೆ ನೆಂಟರಿಷ್ಟರಿಗೆಲ್ಲ ಹೇಳಿಕೊಂಡು ಓಡಾಡುತ್ತಿದ್ದರು.

ಕುದುರೆಯ ಹೆಸರು ಪುಟ್ಟಿ. ಬೀರುವಿನಷ್ಟು ದೊಡ್ಡ ಹೆಣ್ಣು ಕುದುರೆಗೆ ಪುಟ್ಟಿ ಎಂದು ಹೆಸರಿಟ್ಟವನನ್ನು ಸೆಟ್ಟಿನವರೆಲ್ಲ ಕುದುರೆ ಮಾಮ ಎನ್ನುತ್ತಿದ್ದರು. ಹುಟ್ಟಿದಾಗಲೇ ತಾಯಿ ಸತ್ತಿದ್ದ ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದವನು ಅವನೇ. ಹೆಂಡತಿಯಿಲ್ಲ, ಮಕ್ಕಳಿಲ್ಲ, ಇರುವುದೆಲ್ಲ ಪುಟ್ಟಿ. ಅವಳಿಗೆ ಸಾಯುವುದನ್ನೂ ಅವನೇ ಕಲಿಸಿದ್ದ. ಕೊರಳ ಮೇಲೆ ಅಂಗೈ ಒತ್ತಿದರೆ ಸಾಕು, ಮೊಣಕಾಲು ಮಡಚಿ, ಪಕ್ಕಕ್ಕೆ ಉರುಳಿ, ಕಣ್ಣು ತೆರೆದುಕೊಂಡೇ ಸತ್ತಿರುತ್ತಿದ್ದಳು. ಮೂಗಿನ ಮೇಲೆ ನೊಣ ಕೂತರೂ ಅಲ್ಲಾಡುತ್ತಿರಲಿಲ್ಲ. ಮತ್ತೆ ಬದುಕಬೇಕಾದರೆ ಮಾಮ "ಸಾಕು" ಎನ್ನಬೇಕು. ಪಾಠ ಮಾಡುವಾಗ "ಸಾಕು ಮಗಳೇ, ಏಳು" ಎನ್ನುತ್ತಿದ್ದನಂತೆ; ಅವಳು ಮೊದಲನೇ ಮಾತನ್ನಷ್ಟೇ ಹಿಡಿದುಕೊಂಡಳು, ಅದು ಯಾರ ಬಾಯಿಂದ ಬಂದರೂ ಸರಿ. ಪೂರ್ತಿ ಕೇಳಿಸಿಕೊಳ್ಳುವ ತಾಳ್ಮೆ ಮನುಷ್ಯರಿಗೇ ಇಲ್ಲ, ಕುದುರೆಗೆಲ್ಲಿಂದ ಬರಬೇಕು?

ಇನ್ನು ನಿರ್ದೇಶಕರ ಶೋಕಿ ಕೇಳಿ. ತಲೆಯ ಮೇಲೆ ಕಿರೀಟ ಇಟ್ಟುಕೊಂಡವನ ಕಿವಿಗೆ ಇಂಗ್ಲಿಷ್ ಬಿದ್ದರೆ ಅವನೊಳಗಿನ ರಾಜ ಓಡಿಹೋಗುತ್ತಾನೆ ಎಂದು ಅವರ ವಾದ. ಆದ್ದರಿಂದ ಸೆಟ್ಟಿನಲ್ಲಿ ಇಂಗ್ಲಿಷ್ ಬಂದ್. ಸರ್ ಎನ್ನುವಂತಿಲ್ಲ, ಗುರುಗಳೇ ಎನ್ನಬೇಕು. ಡಾಕ್ಟರಮ್ಮ ವೈದ್ಯರಾದಳು. ಜನರೇಟರಿಗೆ ಕನ್ನಡ ಹೊಳೆಯದೆ ಎಲ್ಲರೂ ಅದನ್ನು ಗದ್ದ ಎತ್ತಿ ತೋರಿಸುತ್ತಿದ್ದರು. ಆ್ಯಕ್ಷನ್ ಬದಲು "ನಡೀಲಿ", ಕಟ್ ಬದಲು "ಸಾಕು". ಬಯಲು ದೊಡ್ಡದು, ಸೈನ್ಯ ದೊಡ್ಡದು; ಹಾಗಾಗಿ ನಿರ್ದೇಶಕರು ಒಮ್ಮೆ ಸಾಕು ಎಂದರೆ ಸಹಾಯಕ ಸಾಕು ಎಂದು ಕೂಗಬೇಕು, ಅವನನ್ನು ಕೇಳಿ ದೀಪದವರು ಕೂಗಬೇಕು, ಅವರನ್ನು ಕೇಳಿ ಗುಡ್ಡದ ಮೇಲಿನ ಧ್ವಜದವರು ಕೂಗಬೇಕು. ಆಗಲೇ ಯುದ್ಧ ನಿಲ್ಲುತ್ತಿದ್ದುದು.

ಹೀಗಾಗಿ ಇಷ್ಟು ತಿಂಗಳು ಎಲ್ಲ ಸಲೀಸಾಗಿ ನಡೆದಿತ್ತು. ಮಾಮ ಅಂಗೈ ಒತ್ತಿದರೆ ಪುಟ್ಟಿ ಸಾಯುವಳು, "ಸಾಕು" ಅಂದರೆ ಏಳುವಳು. "ನನ್ನ ಮಾತು ಕೇಳೋಳು ಇಲ್ಲಿ ಇವಳೊಬ್ಬಳೇ" ಎಂದು ನಿರ್ದೇಶಕರು ಅವಳ ಬೆನ್ನು ತಟ್ಟುತ್ತಿದ್ದರು. ಎಡವಟ್ಟಾದದ್ದು ಸಂಭಾಷಣೆ ಬರೆಯುವವನಿಂದ. ರಾಜನಿಗೆ ತನ್ನ ಕುದುರೆ ಸತ್ತ ಮೇಲೆ ವೈರಾಗ್ಯ ಬರಬೇಕು. ಸಂಭಾಷಣೆಯವನು ಬರೆದುಕೊಟ್ಟ: "ಸಾಕು! ನಿನ್ನನ್ನು ಸಾಕಿದ ಕೈಯಿಂದಲೇ ನಿನ್ನ ಕೊಂದೆ. ಈ ಯುದ್ಧ ಸಾಕು. ಈ ರಾಜ್ಯ ಸಾಕು."

ಮೊದಲನೇ ಸಾಕುವಿಗೇ ಪುಟ್ಟಿ ಎದ್ದಳು.

ಮಾತು ಬದಲಾಯಿಸಿ ಎಂದು ಡಾಕ್ಟರಮ್ಮ ಹೇಳಿದಳು. ಆಗುವುದಿಲ್ಲ, "ಈ ಯುದ್ಧ ಸಾಕು" ಎಂಬ ಪ್ರೋಮೋ ಆಗಲೇ ಟಿವಿಯಲ್ಲಿ ಹೊತ್ತು ಗೊತ್ತಿಲ್ಲದೆ ಓಡುತ್ತಿತ್ತು. ಮಕ್ಕಳು ಕೂಡ ಪರೀಕ್ಷೆ ಕೋಣೆಯಿಂದ ಹೊರಬಂದು ಅದನ್ನೇ ಕೂಗುತ್ತಿದ್ದರಂತೆ. ಬರೀ ತುಟಿ ಅಲ್ಲಾಡಿಸಿ, ದನಿ ಆಮೇಲೆ ಸೇರಿಸೋಣ ಎಂದರು. "ಮಾತಾಡದೆ ನಂಗೆ ಅಳು ಬರಲ್ಲ" ಎಂದು ರಾಜ ಕೈಚೆಲ್ಲಿದ. ಪುಟ್ಟಿಯ ಕಿವಿಗೆ ಹತ್ತಿ ತುರುಕಿದರು. ತಲೆ ಒದರಿ ಹತ್ತಿಯನ್ನು ರಾಜನ ಗಡ್ಡಕ್ಕೆ ಹಾರಿಸಿದಳು. ಬಟ್ಟೆಯ ಕುದುರೆ ತಂದಿಟ್ಟರು. "ಜನ ಹಾಸಿಗೆ ನೋಡಿ ಅಳ್ತಾರೇನ್ರಯ್ಯಾ?" ಎಂದು ನಿರ್ದೇಶಕರು ಅದನ್ನು ಒದ್ದರು. ಅಷ್ಟು ಹೊತ್ತಿಗೆ ಪುಟ್ಟಿ ಎಷ್ಟು ಸಲ ಸತ್ತು ಎಷ್ಟು ಸಲ ಎದ್ದಿದ್ದಳೋ, ಮುಂಗಾಲಿನ ಮೊಣಕಾಲ ಮೇಲೆ ಕೂದಲು ಸವೆದು ಚರ್ಮ ಕೆಂಪಗೆ ಕಾಣುತ್ತಿತ್ತು.

"ಇವತ್ತಿಗೆ ಬಿಡಿ" ಎಂದಳು ಡಾಕ್ಟರಮ್ಮ. "ಇನ್ನೊಂದ್ಸಲ ಬಿದ್ದು ಎದ್ರೆ ಕಾಲು ಊದ್ಕೊಳ್ಳುತ್ತೆ."

"ಬಿಡೋಣ ವೈದ್ಯರೇ, ನಾನೇನು ಕಟುಕನಾ?" ಎಂದರು ನಿರ್ದೇಶಕರು. ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. "ಆದ್ರೆ ನಾಳೆ ಮತ್ತೆ ಇದೇ ಕಥೆ ತಾನೇ? ನಾಳೆ ಮತ್ತೆ ಬೀಳಿಸ್ಬೇಕು, ಮತ್ತೆ ಏಳುತ್ತೆ. ಅದಕ್ಕಿಂತ ಒಂದು ಸಣ್ಣ ಚುಚ್ಚುಮದ್ದು ಕೊಟ್ಬಿಡಿ. ಹಾಯಾಗಿ ಮಲಗಿರಲಿ. ಒಂದೇ ಸಲಕ್ಕೆ ಮುಗಿದುಹೋಗುತ್ತೆ."

ಡಾಕ್ಟರಮ್ಮನ ತಲೆ ಕೆಟ್ಟದ್ದು ಅಲ್ಲಿಂದ. ಕುದುರೆಗೆ ನಿದ್ದೆಮದ್ದು ಕೊಡುವುದು ಆಕೆಗೆ ಹೊಸದಲ್ಲ. ಚೂಪಾಗಿ ಬೆಳೆದ ಹಲ್ಲನ್ನು ಅರದಿಂದ ಉಜ್ಜುವುದಕ್ಕೆ ಕೊಟ್ಟಿದ್ದಳು, ಗಾಯ ಹೊಲಿಯುವುದಕ್ಕೆ ಕೊಟ್ಟಿದ್ದಳು. ಅಲ್ಲಿ ರೋಗವಿತ್ತು, ಅದಕ್ಕೆ ಮದ್ದಿತ್ತು. ಇಲ್ಲಿ ಇರುವುದು ಒಂದು ಸಂಭಾಷಣೆ. ಸಂಭಾಷಣೆಗೆ ಇಂಜೆಕ್ಷನ್ ಕೊಡುವುದನ್ನು ಆಕೆ ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಕೊಡಬಾರದು ಎಂದೂ ಓದಿರಲಿಲ್ಲವಲ್ಲ ಎಂದು ಮರುಕ್ಷಣವೇ ಅನ್ನಿಸಿತು.

"ಅರೆನಿದ್ದೆಯಲ್ಲಿ ಎದ್ದೇಳಕ್ಕೆ ಹೋದ್ರೆ ಕಾಲು ಮುರ್ಕೊಳ್ಳುತ್ತೆ" ಎಂದಳು. "ಮುರಿದ ಕಾಲು ಕುದುರೆಗೆ ಕೂಡಲ್ಲ. ಆಮೇಲೆ ಉಳಿಯೋದು ಒಂದೇ ದಾರಿ. ಅದನ್ನೂ ನಾನೇ ಚುಚ್ಚಬೇಕು."

ಇದನ್ನು ಕೇಳಿ ಎಲ್ಲರೂ ಸುಮ್ಮನಾದರು. ಸುಮ್ಮನಾದದ್ದೇ ತೊಂದರೆ. ಜಗಳಕ್ಕೆ ಬಂದಿದ್ದರೆ ಆಕೆಯೂ ಸೆರಗು ಬಿಗಿದು ನಿಲ್ಲುತ್ತಿದ್ದಳು. ಬದಲಿಗೆ, ಕುದುರೆ ಕಂಡರೆ ಹೆದರಿ ಸಾಯುವ ಆ ರಾಜ ಬಂದು "ಅದಕ್ಕೆ ನೋವಾಗೋದಾದ್ರೆ ನಂಗೆ ಈ ದೃಶ್ಯಾನೇ ಬೇಡ" ಎಂದ. ಸಹಾಯಕ ಪುಟ್ಟಿಗೆ ನೀರು ಹಿಡಿದ. ಬರೆಯುವವನು ಮೂಲೆಯಲ್ಲಿ ನಿಂತು ತನ್ನ ಕೈ ತಾನೇ ಕಚ್ಚಿಕೊಳ್ಳುತ್ತಿದ್ದ. ಎಲ್ಲರೂ ಒಳ್ಳೆಯವರೇ! ಒಬ್ಬನಾದರೂ ಚಾವಟಿ ಹಿಡಿದು ಬಂದಿದ್ದರೆ ಬೇಡ ಎನ್ನುವುದು ಎಷ್ಟು ಸುಲಭವಾಗುತ್ತಿತ್ತು ಎಂದು ಡಾಕ್ಟರಮ್ಮನಿಗೆ ಅನ್ನಿಸಿತು.

ಕಡೆಗೆ ಆಕೆಯನ್ನು ಗುಡಾರದ ಹಿಂದಕ್ಕೆ ಕರೆದವನು ಕುದುರೆ ಮಾಮ.

"ಕೊಟ್ಬಿಡಿ ಡಾಕ್ಟ್ರಮ್ಮ."

"ನೀನೂ ಹಿಂಗಂತೀಯಾ ಮಾಮ?"

"ಮತ್ತೇನ್ಮಾಡ್ಲಿ? ನಾಳೆ ಇಡೀ ದಿನ ಬಿದ್ದು ಎದ್ದು ಬಿದ್ದು ಎದ್ದು... ಆ ಮೊಣಕಾಲು ನೋಡಿದ್ರಲ್ಲ. ನಿದ್ದೆ ಹೋದ್ರೆ ಅವಳಿಗೆ ಮಾತೇ ಕೇಳ್ಸಲ್ಲ. ಕೇಳ್ಸದಿದ್ರೆ ಏಳಲ್ಲ. ಏಳದಿದ್ರೆ ಕಾಲು ಯಾಕೆ ಮುರಿಯುತ್ತೆ?"

"ಸದ್ದಿಗೆ ಎಚ್ಚರ ಆಗೋದುಂಟು ಮಾಮ."

"ನಾನು ಪಕ್ಕದಲ್ಲೇ ಇರ್ತೀನಿ. ಈ ಲೋಕದಲ್ಲಿ ಅವಳಿಗೆ ಕೆಟ್ಟದ್ದು ಬಯಸೋನು ನಾನಾ?"

ಅಲ್ಲ, ಅವನಂತೂ ಅಲ್ಲ. ಅತ್ತ ದರಿ, ಇತ್ತ ಪುಲಿ. ಕೊಟ್ಟರೆ ಅಪಾಯ, ಕೊಡದಿದ್ದರೆ ಹಿಂಸೆ. ಮದ್ದೂ ಬೇಡ, ಕುದುರೆಯೂ ಬೇಡ, ಸೀನೂ ಬೇಡ, ಮನೆಗೆ ನಡೆಯಿರಿ ಎನ್ನುವ ಮೂರನೆಯ ಮಾತೊಂದಿತ್ತು. ಅದು ಆಕೆಯ ನಾಲಿಗೆಯ ತುದಿಗೂ ಬಂತು. ಆದರೆ ಹೆತ್ತ ತಾಯಿಗಿಂತ ಹೆಚ್ಚಾಗಿ ಸಾಕಿದವನೇ ಕೈಮುಗಿದು ನಿಂತಿರುವಾಗ ನಾನ್ಯಾವ ದೊಣ್ಣೆನಾಯಕಿ ಎಂದುಕೊಂಡಳೋ ಏನೋ, ಮಾತು ನುಂಗಿದಳು.

ಮಾರನೆಯ ದಿನ ಇಂಜೆಕ್ಷನ್ ಕೊಟ್ಟಳು. ಕಡಿಮೆಯೇ ಕೊಟ್ಟಳು, ಹೆಚ್ಚಾದರೆ ಹೃದಯಕ್ಕೆ ಕಷ್ಟ ಎಂದು. ಆಮೇಲೆ, ಕಡಿಮೆ ಕೊಟ್ಟದ್ದೇ ತಪ್ಪಾಯಿತೋ, ಹೆಚ್ಚು ಕೊಡಬೇಕಿತ್ತೋ, ಕೊಡಲೇಬಾರದಿತ್ತೋ ಎಂದು ಯೋಚಿಸಿ ಯೋಚಿಸಿ ಎಲ್ಲಿಗೂ ತಲುಪಲಿಲ್ಲ ಎನ್ನಿ. ಮಾಮ ಕೊರಳ ಮೇಲೆ ಅಂಗೈ ಒತ್ತಿದ. ಪುಟ್ಟಿ ಮಡಚಿಕೊಂಡು ಮಲಗಿದಳು. ಕೆಳತುಟಿ ಜೋತುಬಿತ್ತು, ಉಸಿರು ನಿಧಾನವಾಯಿತು. ಮೆತ್ತನೆಯ ಮಣ್ಣು ಹಾಕಿಸಿದ್ದರು, ಕ್ಯಾಮೆರಾಕ್ಕೆ ಕಾಣದಂತೆ ತಲೆಯ ಕೆಳಗೆ ದಿಂಬನ್ನೂ ಇಟ್ಟಿದ್ದರು. ಮಾಮ ದೃಶ್ಯದಿಂದ ಆಚೆ, ಒಂದು ಮುರಿದ ರಥದ ಹಿಂದೆ ಬಗ್ಗಿ ಕೂತ.

"ನಡೀಲಿ!" ಎಂದರು ನಿರ್ದೇಶಕರು.

ರಾಜ ಎಡವುತ್ತ ಬಂದ, ಕುಸಿದ, ಕೊರಳು ತಬ್ಬಿದ. "ಸಾಕು!" ಎಂದ. ಪುಟ್ಟಿಯ ಕಿವಿ ತಿರುಗಿತು, ಅಷ್ಟೇ. ಡಾಕ್ಟರಮ್ಮ ಹಿಡಿದಿದ್ದ ಉಸಿರು ಬಿಟ್ಟಳು. "ನಿನ್ನನ್ನು ಸಾಕಿದ ಕೈಯಿಂದಲೇ ನಿನ್ನ ಕೊಂದೆ. ಈ ಯುದ್ಧ ಸಾಕು."

ಪುಟ್ಟಿ ತಲೆ ಎತ್ತಿದಳು. ಮಣ್ಣಿನಿಂದ ಆ ಭಾರದ ತಲೆಯನ್ನು ಯಾರೋ ಹಗ್ಗ ಕಟ್ಟಿ ಎಳೆದ ಹಾಗೆ ಎತ್ತಿ, ಕಣ್ಣು ಎಲ್ಲೋ ನೆಟ್ಟು, ಒಂದು ಮುಂಗಾಲನ್ನು ಮುಂದಕ್ಕೆ ಚಾಚಿ ಊರಿದಳು. ಕಾಲು ಜಾರಿತು. ಮೊಣಕಾಲು ನೆಲಕ್ಕೆ ಬಡಿದ ಸದ್ದು ಕೊಡೆಯ ತನಕ ಕೇಳಿಸಿತು. ಆ ರಾಜ ಅಂದು ಎಂದೂ ಇಲ್ಲದಷ್ಟು ಚೆನ್ನಾಗಿ ನಟಿಸುತ್ತಿದ್ದ. ಕುದುರೆ ತನಗಾಗಿಯೇ ಏಳುತ್ತಿದೆ ಎಂದು ಅವನಿಗೆ ನಿಜವಾಗಿಯೂ ಅನ್ನಿಸಿಬಿಟ್ಟಿತ್ತು. ಕಾಗದದಲ್ಲಿ ಇಲ್ಲದ್ದೆಲ್ಲ ಬಾಯಿಗೆ ಬಂತು. "ಸಾಕು ಮಗಳೇ, ಸಾಕು! ನನಗಾಗಿ ಏಳಬೇಡ, ಸಾಕು!" ಏಳಬೇಡ ಎಂಬುದು ಪುಟ್ಟಿಗೆ ಗೊತ್ತಿಲ್ಲದ ಮಾತು. ಅವಳು ಮತ್ತೆ ಕಾಲೂರಿದಳು, ಮತ್ತೆ ಬಿದ್ದಳು.

ನಿರ್ದೇಶಕರು ಬಾಯಿಗೆ ಮುಷ್ಟಿ ಒತ್ತಿಕೊಂಡು ಬಿಕ್ಕುತ್ತಿದ್ದರು. ಸಾಯುತ್ತಿರುವ ಕುದುರೆ ದೊರೆಗಾಗಿ ಏಳಲು ಹೆಣಗುವ ಇಂಥ ದೃಶ್ಯ ಯಾರ ಕ್ಯಾಮೆರಾಕ್ಕೆ ಸಿಕ್ಕಿದೆ? ಅವರು ಸಾಕು ಎನ್ನಲಿಲ್ಲ.

ಡಾಕ್ಟರಮ್ಮ ಎದ್ದು ನಿಂತಳು. ಕುರ್ಚಿ ಮಗುಚಿತು. ನಿಲ್ಲಿಸಬೇಕು, ಇದನ್ನು ಈಗಲೇ ನಿಲ್ಲಿಸಬೇಕು. ಅಯ್ಯೋ ಎನ್ನಬಹುದಿತ್ತು. ಬೇಡ ಎನ್ನಬಹುದಿತ್ತು. ನಿಲ್ಲಿಸಿ ಎನ್ನಬಹುದಿತ್ತು, ಆದರೆ ಅದೂ ಎಂಥ ಮಾತು ನೋಡಿ, ನಿಲ್ಲಿಸಿ ಅಂದರೆ ತಡೆಯಿರಿ ಎಂದೂ ಆಯಿತು, ಎಬ್ಬಿಸಿ ನಿಲ್ಲಿಸಿ ಎಂದೂ ಆಯಿತು. ಒಂದು ಇಡೀ ಭಾಷೆಯನ್ನು ಬಾಯಲ್ಲಿ ಇಟ್ಟುಕೊಂಡು, ಆ ಹೊತ್ತಿಗೆ ಆಕೆಯ ಗಂಟಲಿನಿಂದ ಹೊರಟದ್ದು ಒಂದೇ ಮಾತು.

"ಸಾಕು!"

ನಿರ್ದೇಶಕರೇ ಎಂದರು ಎಂದುಕೊಂಡ ಸಹಾಯಕ "ಸಾಕು!" ಎಂದು ಕೂಗಿದ. ದೀಪದವರು "ಸಾಕು!" ಎಂದರು. ಗುಡ್ಡದ ಮೇಲಿನವರು "ಸಾಕೋ, ಸಾಕು!" ಎಂದು ಧ್ವಜ ಬೀಸಿದರು. ಹೆಣವಾಗಿದ್ದ ಸೈನಿಕರೆಲ್ಲ ಒಬ್ಬರಿಗೊಬ್ಬರು ಸಾಕು, ಸಾಕು ಎಂದುಕೊಂಡು ಎದ್ದು ಕೂತರು. ನಾಲ್ಕೂ ದಿಕ್ಕಿನಿಂದ ಒಂದೇ ಮಾತು. ಪುಟ್ಟಿ ಪ್ರತಿಯೊಂದು ಕೂಗಿಗೂ ಏಳಲು ನೋಡಿದಳು. ಯಾರ ಮಾತನ್ನೂ ಅವಳು ತೆಗೆದುಹಾಕಲಿಲ್ಲ. ಡಾಕ್ಟರಮ್ಮ ಓಡುತ್ತಿದ್ದಳು, ಕೂಗಬಾರದು ಎಂದು ಗೊತ್ತಾದ ಮೇಲೂ ಬಾಯಿ ತನ್ನಷ್ಟಕ್ಕೆ ತಾನೇ ಸಾಕು, ಸಾಕು ಎನ್ನುತ್ತಲೇ ಇತ್ತು.

ರಥದ ಹಿಂದಿನಿಂದ ಮಾಮ ಹಾರಿ ಬಂದು ಅವಳ ಕೊರಳ ಮೇಲೆ ಪೂರ್ತಿ ಮೈಚೆಲ್ಲಿದ. ಒಂದು ಅಂಗೈ ಕೊರಳಿಗೆ, ಇನ್ನೊಂದು ಅಂಗೈ ಕಿವಿಗೆ. ಪುಟ್ಟಿ ಸತ್ತಳು. ಅಂದರೆ, ಅವನು ಕಲಿಸಿದ ಹಾಗೆ ಸತ್ತಳು. ಅವನು ತಲೆ ಎತ್ತಿ ಎಲ್ಲರ ಕಡೆ ನೋಡಿ, ಮಾತಾಡಲು ಬಾಯಿ ತೆರೆದು, ಆಡಲು ಯಾವ ಮಾತೂ ಸಿಗದೆ ಹಾಗೇ ಮುಚ್ಚಿಕೊಂಡ.

ಮೂಳೆ ಮುರಿದಿರಲಿಲ್ಲ. ಮದ್ದು ಇಳಿದ ಮೇಲೆ ಅವಳು ಎದ್ದಳು. ಎರಡೂ ಮೊಣಕಾಲು ಸಿಪ್ಪೆ ಸುಲಿದಂತಾಗಿದ್ದವು. ಡಾಕ್ಟರಮ್ಮ ತೊಳೆದು, ಮುಲಾಮು ಹಚ್ಚಿ, ಪಟ್ಟಿ ಕಟ್ಟಿದಳು. ನಿರ್ದೇಶಕರು ಬಂದು ಕುದುರೆಗೂ ನಮಸ್ಕಾರ ಮಾಡಿದರು, ಆಕೆಗೂ ಮಾಡಿದರು. "ನಿಮ್ಮ ಕೂಗು ಯುದ್ಧಭೂಮಿ ಕೂಗಿನ ಥರಾನೇ ಬಂದಿದೆ ವೈದ್ಯರೇ. ಅದನ್ನ ತೆಗಿಯಲ್ಲ, ಇಟ್ಕೊಳ್ತೀವಿ" ಎಂದರು. ಸಂಜೆ ಸಹಿ ಕೇಳಿದರು. ಹಿಂಸೆಯಾಯಿತೋ ಇಲ್ಲವೋ? ಗಾಯವಾಗಿದೆ, ಮುಲಾಮು ಹಚ್ಚಿದೆ. ನೋವಾಗಿದೆ, ಯಾರೂ ಬಯಸಿ ಮಾಡಿದ್ದಲ್ಲ. ಏಳೆಂದು ಹೊಡೆದವರಿಲ್ಲ. ಮಲಗು ಎಂದವನೂ ಪ್ರೀತಿಯಿಂದಲೇ ಎಂದ. ಆಕೆ ಸಹಿ ಹಾಕಿದಳು. ಯಾಕೆ ಹಾಕಿದೆ ಎಂದು ಕೇಳಿದರೆ ಆಕೆಗೂ ಗೊತ್ತಿರಲಿಲ್ಲ.

ಕೆಲವು ದಿನ ಬಿಟ್ಟು ಲಾಯಕ್ಕೆ ಹೋದಳು. ಪಟ್ಟಿ ಬಿಚ್ಚಿ ನೋಡಿದರೆ ಗಾಯ ಒಣಗಿತ್ತು. ಪುಟ್ಟಿ ಆಕೆಯ ಭುಜ ಮೂಸಿದಳು. ಆದರೆ ಕಣ್ಣು ಮಂಕಾಗಿತ್ತು, ನಿಂತಲ್ಲೇ ತೂಕಡಿಸಿ ತೂಕಡಿಸಿ ಬೆಚ್ಚಿಬೀಳುತ್ತಿದ್ದಳು.

"ಮಲಗ್ತಿಲ್ಲ ಡಾಕ್ಟ್ರಮ್ಮ" ಎಂದ ಮಾಮ. ಅವನ ಕಣ್ಣೂ ನಿದ್ದೆ ಕಂಡಂತಿರಲಿಲ್ಲ. "ಆವತ್ತಿಂದ ಒಂದ್ಸಲಾನೂ ನೆಲಕ್ಕೆ ಮೈ ತಾಗಿಸಿಲ್ಲ. ಕೊರಳಿಗೆ ಕೈ ಇಟ್ರೆ ನಡುಗ್ತಾಳೆ. ಹೊಸ ಹುಲ್ಲು ಹಾಸ್ದೆ, ಪಕ್ಕದಲ್ಲಿ ನಾನೇ ಮಲಗಿ ತೋರಿಸ್ದೆ. ಊಹೂಂ."

ಕುದುರೆ ನಿಂತು ತೂಕಡಿಸಬಹುದು, ಆದರೆ ಗಾಢ ನಿದ್ದೆಗೆ ಅದೂ ಮಲಗಲೇಬೇಕು. ಮಲಗದಿದ್ದರೆ ಒಂದು ದಿನ ನಿಂತಲ್ಲೇ ಕುಸಿಯುತ್ತದೆ, ಅದೇ ಮೊಣಕಾಲ ಮೇಲೆ. ಇದು ಆಕೆಗೂ ಗೊತ್ತು, ಅವನಿಗೂ ಗೊತ್ತು.

"ಮಲಗೋಕೆ ಏನಾದ್ರೂ ಇಂಜೆಕ್ಷನ್ ಇದೆಯಾ?" ಎಂದು ಕೇಳಿ, ಕೇಳಿದ ಮೇಲೆ ತಾನು ಕೇಳಿದ್ದು ಏನೆಂದು ಹೊಳೆದು, ಅವನು ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಡಾಕ್ಟರಮ್ಮ ಅವನ ಬೆನ್ನ ಮೇಲೆ ಕೈಯಿಟ್ಟಳು. ಸಾಕು ಮಾಮ, ಸಾಕು ಅಳಬೇಡ ಎನ್ನಬೇಕು. ಎದುರಿಗೆ ಪುಟ್ಟಿ ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿದ್ದಳು. ಆಕೆ ಬರೀ ಅವನ ಬೆನ್ನು ಸವರಿದಳು.

ಆ ಕಂತು ಪ್ರಸಾರವಾದ ದಿನ ಅತ್ತೆ ಪಕ್ಕದ ಮನೆಯವರನ್ನೂ ಕರೆದು ಕೂರಿಸಿಕೊಂಡಿದ್ದರು. "ನಮ್ಮ ಸೊಸೆ ಇರೋದಕ್ಕೇ ಅಲ್ಲಿ ಪ್ರಾಣಿಗಳು ಸುಖವಾಗಿವೆ" ಎಂದು ಶುರುವಿಗೆ ಮುಂಚೆಯೇ ಹೇಳಿದರು. ಪರದೆಯ ಮೇಲೆ ಮೊದಲು ಅಕ್ಷರ ಬಂತು: ಈ ಧಾರಾವಾಹಿಯ ಚಿತ್ರೀಕರಣದಲ್ಲಿ ಯಾವ ಪ್ರಾಣಿಗೂ ಹಿಂಸೆಯಾಗಿಲ್ಲ. ಅತ್ತೆ ಅದನ್ನು ಗಟ್ಟಿಯಾಗಿ ಓದಿ ಸೊಸೆಯ ತೊಡೆ ತಟ್ಟಿದರು. ಆಮೇಲೆ ರಾಜ ಬಂದ, ಕುಸಿದ. ಕುದುರೆ ತಲೆ ಎತ್ತಿತು. ಪಕ್ಕದ ಮನೆಯವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

"ಅಬ್ಬಬ್ಬಾ, ಏನು ಆ್ಯಕ್ಟಿಂಗು! ಮನುಷ್ಯರಿಗೂ ಬರಲ್ಲ ಕಣಮ್ಮ" ಎಂದರು ಅತ್ತೆ, ಮೂಗೆಳೆಯುತ್ತ. ಅಷ್ಟರಲ್ಲಿ ಟಿವಿಯೊಳಗಿಂದ ಹೆಂಗಸಿನ ಕೂಗೊಂದು ಬಂತು. ಅತ್ತೆ ತಿರುಗಿ ನೋಡಿದರು. "ಅರೆ! ನಿನ್ನ ದನಿ ಥರಾನೇ ಇದೆಯಲ್ಲೇ?"

ಡಾಕ್ಟರಮ್ಮ ಪರದೆಯನ್ನೇ ನೋಡುತ್ತಿದ್ದಳು.

"ಪಾಪದ್ದು, ನಿಜವಾಗ್ಲೂ ಅದಕ್ಕೇನೂ ಆಗ್ಲಿಲ್ಲ ತಾನೇ?"

ಸೊಸೆಗೆ ಸುಸ್ತಾಗಿದೆ ಎಂದುಕೊಂಡ ಅತ್ತೆ ಫ್ಲಾಸ್ಕ್ ತೆಗೆದು, ಆಕೆಯ ಕೈಯಲ್ಲಿ ಲೋಟ ಇಟ್ಟು ಚಹಾ ಬಗ್ಗಿಸತೊಡಗಿದರು. ಕಣ್ಣು ಮಾತ್ರ ಟಿವಿಯ ಮೇಲೆ. "ಎಷ್ಟು ಬೇಕು ಹೇಳು, ನಿಲ್ಲಿಸ್ತೀನಿ" ಎಂದರು.

ಲೋಟ ಅರ್ಧವಾಯಿತು, ಮುಕ್ಕಾಲಾಯಿತು. ಡಾಕ್ಟರಮ್ಮ ಬಾಯಿ ತೆರೆದಳು. ಪರದೆಯ ಮೇಲೆ ಪುಟ್ಟಿ ಮತ್ತೊಮ್ಮೆ ಕಾಲೂರುತ್ತಿದ್ದಳು. ಚಹಾ ಅಂಚು ಮೀರಿ ಬೆರಳ ಮೇಲೆ ಹರಿದು, ಕೈ ಸುಟ್ಟು, ಮಡಿಲಿಗೆ ಇಳಿಯಿತು.

"ಅಯ್ಯೋ, ಸಾಕು ಅನ್ನಬಾರದೇನೇ?" ಎಂದು ಅತ್ತೆ ಗಾಬರಿಯಿಂದ ಕೂಗಿದರು.

ಆ ಮಾತು ಕಿವಿಗೆ ಬಿದ್ದದ್ದೇ ತಡ, ಡಾಕ್ಟರಮ್ಮ ದಡಕ್ಕನೆ ಎದ್ದು ನಿಂತಳು.